ಟಾರ್ಪಾಲು ಪಕ್ಕದಲ್ಲೇ ಇರಲಿ: ಶಿಸ್ತು ಬಿಡದೆ ನಮಗೆ ನಾವೇ ಸ್ವಲ್ಪ ಸಡಿಲ ಕೊಡುವುದು ಹೇಗೆ?

ಜನವರಿ ಕೊನೆಯ ವಾರ ಕೊಡಗಿನ ಸುಂಟಿಕೊಪ್ಪದ ಕಡೆ ಬಂದರೆ ಮನೆಮನೆಯ ಕಣದಲ್ಲೂ ಕಾಫಿ ಹರಡಿರುತ್ತದೆ. ರೊಬಸ್ಟಾ ತಳಿಯ ಹಣ್ಣು, ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮಾಡಲು ಒಣಹಾಕಿದ್ದು. ಕಣದ ಮೂಲೆಯಲ್ಲಿ ಇನ್ನೊಂದು ವಸ್ತು ಇದ್ದೇ ಇರುತ್ತದೆ. ಮಡಚಿಟ್ಟ ಟಾರ್ಪಾಲು, ಅದರ ಮೇಲೆ ನಾಲ್ಕು ಕಲ್ಲು. ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲದಿದ್ದರೂ ಅದು ಅಲ್ಲೇ ಇರುತ್ತದೆ. ಮೋಡ ಕಟ್ಟಿತು ಅಂದ ಕೂಡಲೇ ಕಾಫಿಯನ್ನು ಎಳೆದು ರಾಶಿ ಮಾಡಿ, ಹೊದಿಸಿ, ಕಲ್ಲಿಟ್ಟು ಒಳಗೆ ಬರುತ್ತೇವೆ. ಬಿಸಿಲು ಬಂದರೆ ಮತ್ತೆ ಹರಡುತ್ತೇವೆ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಗಲಗಲ ಸದ್ದು ಬರುವ ತನಕ ಇದೇ ಕೆಲಸ.

"ಮಳೆ ಬಂತು, ಈ ವರ್ಷ ಕಾಫಿ ಒಣಗಿಸೋದೇ ಬೇಡ" ಎಂದವರನ್ನು ನಾನು ನೋಡಿಲ್ಲ. "ಮಳೆ ಬಂದರೂ ಸರಿ, ಹರಡಿದ್ದು ಹರಡಿದ ಹಾಗೇ ಇರಲಿ" ಎನ್ನುವವರೂ ಇಲ್ಲ. ಕಾಫಿಯ ವಿಷಯದಲ್ಲಿ ಇಷ್ಟು ಚೆನ್ನಾಗಿ ಬುದ್ಧಿ ಓಡಿಸುವ ನಾವು, ನಮ್ಮದೇ ವಿಷಯಕ್ಕೆ ಬಂದರೆ ಈ ಎರಡರಲ್ಲಿ ಒಂದನ್ನು ಮಾಡುತ್ತೇವೆ.

ನಾನು ಎರಡನ್ನೂ ಮಾಡಿದ್ದೇನೆ. 2019ರ ಜನವರಿ 1ರಿಂದ ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಐದು ಕಿಲೋಮೀಟರ್ ನಡೆಯುತ್ತೇನೆ ಅಂತ ಹಟ ಹಿಡಿದೆ. 41 ದಿನ ಒಂದೂ ಬಿಡದೆ ನಡೆದೆ. ಕ್ಯಾಲೆಂಡರಿನಲ್ಲಿ ದಿನಾ ಕೆಂಪು ಗೀಟು. 42ನೇ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬಂತು, ರಸ್ತೆ ಪಕ್ಕದ ತೋಟದಲ್ಲಿ ಮೂರು ಕಾಡಾನೆ ಇವೆ, ಯಾರೂ ಹೊರಗೆ ಬರಬೇಡಿ ಅಂತ. ಹೋಗಲಿಲ್ಲ. ಮರುದಿನ ಆನೆ ದಾಟಿ ಹೋಗಿತ್ತು, ಆದರೆ ನನಗೆ ಏಳುವ ಮನಸ್ಸಾಗಲಿಲ್ಲ. ಗೀಟಿನ ಸಾಲು ಹೇಗೂ ತುಂಡಾಯಿತಲ್ಲ. ಮತ್ತೆ ಚಪ್ಪಲಿ ಮೆಟ್ಟಿದ್ದು ಅಕ್ಟೋಬರಿನಲ್ಲಿ.

ಎರಡನೇ ಸಲ ಬುದ್ಧಿವಂತಿಕೆ ಮಾಡಿದೆ. "ಹಟ ಬೇಡ, ಟೈಮ್ ಸಿಕ್ಕಾಗ ನಡೆದರಾಯ್ತು." ತಿಂಗಳಿಗೆ ಮೂರು ದಿನ ಸಿಕ್ಕಿತು.

ಆಮೇಲೆ ತಲೆಗೆ ಹೋದ ಒಂದೇ ಒಂದು ಮಾತನ್ನು ಈ ಬರಹದಲ್ಲಿ ಬಿಡಿಸಿ ಹೇಳುತ್ತೇನೆ. ಸಡಿಲ ಬಿಡುವುದರಲ್ಲಿ ತಪ್ಪಿಲ್ಲ. ಎಷ್ಟು ಬಿಡಬೇಕು ಅನ್ನುವುದನ್ನು ಆ ಹೊತ್ತಿಗೆ, ಕಂಬಳಿಯೊಳಗೆ ಮಲಗಿಕೊಂಡು ತೀರ್ಮಾನಿಸುವುದರಲ್ಲಿ ತಪ್ಪಿದೆ. ಟಾರ್ಪಾಲು ಕೊಳ್ಳುವುದು ಬಿಸಿಲಿರುವಾಗ.

ಬೇಕಾಗುವ ಸಾಮಾನು: ಒಂದು ನೋಟ್‌ಬುಕ್, ಒಂದು ಪೆನ್ನು, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ. ಆ್ಯಪ್ ಬೇಕಾಗಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಫೋನೇ ಸತ್ತು ಮಲಗಿರುತ್ತದೆ.

1. ಒಂದೇ ಕೆಲಸ ಆರಿಸಿ

ನಡಿಗೆ, ಓದು, ಸಿಹಿ ಕಡಿಮೆ ಮಾಡುವುದು, ಲೆಕ್ಕ ಬರೆಯುವುದು. ಯಾವುದಾದರೂ ಒಂದು. ನಾಲ್ಕನ್ನೂ ಒಟ್ಟಿಗೆ ಹಿಡಿಯುವವರಿಗೆ ಆರಂಭಶೂರರು ಅಂತ ನಮ್ಮ ಹಿರಿಯರು ಹೆಸರಿಟ್ಟೇ ಬಿಟ್ಟಿದ್ದಾರೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

2. ಬೀಜ ಯಾವುದು, ಸಿಪ್ಪೆ ಯಾವುದು ಅಂತ ಬೇರೆ ಮಾಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಹಂತ ಇದು. ನಾವು ಹಾಕಿಕೊಳ್ಳುವ ಯಾವ ನಿಯಮದಲ್ಲೂ ಎರಡು ಭಾಗ ಇರುತ್ತದೆ. ಒಂದು, ಯಾಕಾಗಿ ಆ ನಿಯಮವೋ ಅದು. ಅದು ಬೀಜ. ಇನ್ನೊಂದು, ಅದನ್ನು ಮಾಡುವ ಹೊತ್ತು, ಜಾಗ, ಪ್ರಮಾಣ, ರೀತಿ. ಇದೆಲ್ಲ ಸಿಪ್ಪೆ. ಬೀಜದ ಮೇಲೆ ಬಿಗಿ ಇರಲಿ, ಸಿಪ್ಪೆಯ ಮೇಲೆ ಸಡಿಲ ಇರಲಿ. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ.

ನಮ್ಮ ತೋಟದ ಲೆಕ್ಕದ ಕಥೆ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ಯುತ್ತಾರೆ. ಸಂಜೆ ನಾಲ್ಕೂವರೆಗೆ ಚೀಲಗಳು ಕಣಕ್ಕೆ ಬರುತ್ತವೆ, ತೂಕ ಆಗುತ್ತದೆ, ಯಾರದು ಎಷ್ಟು ಅಂತ ಬರೆಯಬೇಕು. ಮೊದಲು ನನ್ನ ನಿಯಮ ಹೀಗಿತ್ತು: ರಾತ್ರಿ ಎಂಟಕ್ಕೆ ಮೇಜಿನ ಮುಂದೆ ಕೂತು, ತೂಕ, ಕೂಲಿ, ಮುಂಗಡ, ಗೊಬ್ಬರದ ಖರ್ಚು ಎಲ್ಲ ಚೆಕ್‌ರೋಲಿನಲ್ಲಿ, ಅಂದರೆ ತೋಟದ ಕೂಲಿ ಲೆಕ್ಕದ ಪುಸ್ತಕದಲ್ಲಿ, ನೀಟಾಗಿ ಬರೆದು ಕೂಡಿಸಿಯೇ ಏಳಬೇಕು. ಮನೆಗೆ ನೆಂಟರು ಬಂದ ದಿನ ಎಂಟು ಗಂಟೆ ತಪ್ಪುತ್ತಿತ್ತು. ಎಂಟು ತಪ್ಪಿತು ಅಂದರೆ "ನಾಳೆ ಒಟ್ಟಿಗೆ ಬರೆದರಾಯ್ತು". ಮೂರು ದಿನದ ತೂಕ ಚೀಟಿಗಳು ಸೀರೆ ಸೆರಗಿನ ಗಂಟಿನಲ್ಲಿ, ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ, ಒಂದು ಅಡುಗೆ ಮನೆಯ ಡಬ್ಬಿಯ ಕೆಳಗೆ. ಶನಿವಾರ ಬಟವಾಡೆಯ ದಿನ ಒಬ್ಬಾಕೆ ಬಂದು, "ಅಕ್ಕಾ, ಬುಧವಾರ ನಂದು ತೊಂಬತ್ತೆರಡು ಕೆ.ಜಿ. ಇತ್ತು" ಅಂದಳು. ನನ್ನ ಬಳಿ ಬುಧವಾರವೇ ಇರಲಿಲ್ಲ. ಅವಳ ಮಾತಿನ ಮೇಲೆ ಕೊಟ್ಟೆ. ಅವಳು ಸುಳ್ಳು ಹೇಳಿರಲಿಕ್ಕಿಲ್ಲ, ಆದರೆ ಅವತ್ತು ನನಗೆ ನಾಚಿಕೆಯಾಯಿತು.

ಆಮೇಲೆ ಕೂತು ಯೋಚಿಸಿದೆ. ಇದರಲ್ಲಿ ಬೀಜ ಯಾವುದು? ತೂಕ ಅವತ್ತೇ, ಆಕೆಯ ಎದುರಿಗೇ ಬರಹಕ್ಕೆ ಬರಬೇಕು. ಅಷ್ಟೇ. ಎಂಟು ಗಂಟೆ ಸಿಪ್ಪೆ. ಮೇಜು ಸಿಪ್ಪೆ. ನೀಟಾದ ಅಕ್ಷರ ಸಿಪ್ಪೆ. ಕೂಡಿಸುವುದು ವಾರಕ್ಕೊಮ್ಮೆ ಆದರೂ ನಡೆಯುತ್ತದೆ. ಈಗ ಕಣದಲ್ಲೇ, ತಕ್ಕಡಿಯ ಪಕ್ಕ ನಿಂತು, ಒಂದು ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತೇನೆ. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಚೆಕ್‌ರೋಲಿಗೆ ಏರಿಸುವುದು ಮಾತ್ರ ಕೆಲವೊಮ್ಮೆ ಶುಕ್ರವಾರದ ತನಕ ಜಾರುತ್ತದೆ. ಜಾರಲಿ.

ಹೊತ್ತಿನ ವಿಷಯದಲ್ಲಿ ಒಂದು ಅಧ್ಯಯನ ಗಮನಿಸುವಂಥದ್ದು. ಅಮೆರಿಕದ ಜಾನ್ ಬೆಶಿಯರ್ಸ್, ಕೇಟಿ ಮಿಲ್ಕ್‌ಮನ್ ಮತ್ತು ಜೊತೆಯವರು ಗೂಗಲ್ ಕಂಪನಿಯ ಸುಮಾರು 2,500 ನೌಕರರನ್ನು ಜಿಮ್ಮಿಗೆ ಕಳಿಸಿ ನೋಡಿದರು. 2021ರಲ್ಲಿ ಅದು ಪ್ರಕಟವಾಯಿತು. ಕೆಲವರಿಗೆ, ನೀವೇ ಆರಿಸಿಕೊಂಡ ಹೊತ್ತಿಗೆ ಹೋದರೆ ಮಾತ್ರ ದುಡ್ಡು. ಇನ್ನು ಕೆಲವರಿಗೆ, ಯಾವ ಹೊತ್ತಿಗೆ ಹೋದರೂ ದುಡ್ಡು. ಹೊತ್ತು ಕಟ್ಟಿಹಾಕಿದವರಿಗೇ ಅಭ್ಯಾಸ ಗಟ್ಟಿಯಾಗುತ್ತದೆ ಅಂತ ನನಗೂ ಅನ್ನಿಸಿತ್ತು. ದುಡ್ಡು ನಿಂತ ಮೇಲೆ ನೋಡಿದರೆ ಹೊತ್ತು ಸಡಿಲ ಇದ್ದವರೇ ಜಾಸ್ತಿ ಹೋಗುತ್ತಿದ್ದರು. ಕಾರಣ ಸರಳ. ಗಂಟೆಗೆ ಕಟ್ಟಿಕೊಂಡವರು ಆ ಗಂಟೆ ತಪ್ಪಿದರೆ ಅವತ್ತು ಹೋಗುತ್ತಲೇ ಇರಲಿಲ್ಲ. ನನ್ನ ಎಂಟು ಗಂಟೆಯ ಚೆಕ್‌ರೋಲಿನ ಹಾಗೆಯೇ.

ಅಂದರೆ ಹೊತ್ತು ನಿಗದಿ ಮಾಡಬೇಡಿ ಅಂತಲ್ಲ. ಒಂದು ಮೊದಲ ಹೊತ್ತು ಇರಲಿ, ಅದು ತಪ್ಪಿದರೆ ಎರಡನೇ ಹೊತ್ತು ಯಾವುದು ಅಂತಲೂ ಬರೆದಿಡಿ. ನನ್ನ ನಡಿಗೆಗೆ ಬೆಳಿಗ್ಗೆ ಆರೂವರೆ ಮೊದಲ ಹೊತ್ತು. ತಪ್ಪಿದರೆ ಸಂಜೆ ಐದು, ಅದೂ ಮನೆಯ ಗೇಟಿನಿಂದ ಒಳಗೆ ಮಾತ್ರ. ಐದೂವರೆಯ ಹಟ ಬಿಟ್ಟೆ. ಆ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಆನೆಗೆ ನನಗಿಂತ ಜಾಸ್ತಿ ಹಕ್ಕು.

ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ: "ಇದರಲ್ಲಿ ಬಗ್ಗದ್ದು", "ಇದರಲ್ಲಿ ಬಗ್ಗುವುದು". ಮೊದಲನೆಯ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಬಂದರೆ ಮತ್ತೆ ಯೋಚಿಸಿ.

3. ಮೂರು ಅಳತೆ ಇಟ್ಟುಕೊಳ್ಳಿ

ಬಿಸಿಲಿನ ಅಳತೆ, ಮೋಡದ ಅಳತೆ, ಮಳೆಯ ಅಳತೆ. ಎಲ್ಲ ಸರಿಯಿದ್ದ ದಿನಕ್ಕೆ ಒಂದು, ಅಷ್ಟಕ್ಕಷ್ಟೇ ಅನ್ನುವ ದಿನಕ್ಕೆ ಇನ್ನೊಂದು, ಎಲ್ಲ ಹಾಳಾದ ದಿನಕ್ಕೆ ಮತ್ತೊಂದು.

ನಮ್ಮ ಪಕ್ಕದ ಮನೆಯ ಹುಡುಗಿ ಡಿಗ್ರಿ ಮುಗಿಸಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳೂ ನಾನೂ ಕೂತು ಅವಳ ಪುಸ್ತಕದಲ್ಲಿ ಬರೆದದ್ದು ಹೀಗೆ. ಬಿಸಿಲು: ನಾಲ್ಕು ಗಂಟೆ ಓದು, ಒಂದು ಮಾದರಿ ಪ್ರಶ್ನೆಪತ್ರಿಕೆ. ಮೋಡ: ಒಂದೂವರೆ ಗಂಟೆ, ಹೊಸ ಪಾಠ ಬೇಡ, ಓದಿದ್ದನ್ನೇ ತಿರುಗಿ ನೋಡುವುದು. ಮಳೆ: ಹಳೆಯ ಪ್ರಶ್ನೆಗಳಲ್ಲಿ ಇಪ್ಪತ್ತು, ಚಾರ್ಜರ್ ಲೈಟಿನಲ್ಲಾದರೂ ಸರಿ. ಜುಲೈನಲ್ಲಿ ಎರಡು ದಿನ ಕರೆಂಟು ಇಲ್ಲದೆ, ಅಜ್ಜಿಗೆ ಹುಷಾರಿಲ್ಲದೆ ಇದ್ದಾಗ ಅವಳು ಮಾಡಿದ್ದು ಆ ಇಪ್ಪತ್ತು ಪ್ರಶ್ನೆ ಮಾತ್ರ. ಮೂರನೇ ದಿನ ಪುಸ್ತಕ ಎಲ್ಲಿದೆ ಅಂತ ಹುಡುಕಬೇಕಾಗಲಿಲ್ಲ.

ಮಳೆಯ ಅಳತೆ ಎಷ್ಟಿರಬೇಕು ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಇಡಬೇಡಿ. ಜ್ವರ ಬಂದು ಎದ್ದು ಕೂತ ಸಂಜೆಯೂ ಮಾಡಬಹುದೇ ಅಂತ ಕೇಳಿಕೊಳ್ಳಿ. ಆಗುವುದಿಲ್ಲ ಅನ್ನಿಸಿದರೆ ಇನ್ನೂ ಅರ್ಧ ಮಾಡಿ. ನನ್ನ ಮಳೆಯ ಅಳತೆ ಜಗುಲಿಯ ಈ ತುದಿಯಿಂದ ಆ ತುದಿಗೆ ಐವತ್ತು ಸಲ. ಮೊದಮೊದಲು ಮನೆಯವರು ನಕ್ಕರು. ನಗಲಿ ಬಿಡಿ, ಜಿಗಣೆ ಹತ್ತುವುದಿಲ್ಲವಲ್ಲ.

ಒಂದು ಎಚ್ಚರ. ಮಳೆಯ ಅಳತೆ ಮಾಡಿದ ದಿನವನ್ನು "ಮಾಡಿದ ದಿನ" ಅಂತಲೇ ಗುರುತಿಸಿ. ಅರ್ಧ ಗುರುತು, ಬೇರೆ ಬಣ್ಣ ಅಂತೆಲ್ಲ ಮಾಡಲು ಹೋದರೆ ಮತ್ತೆ ಅಪರಾಧಿ ಭಾವ ಬಾಗಿಲಲ್ಲಿ ಬಂದು ನಿಲ್ಲುತ್ತದೆ.

4. ಬಗ್ಗಲೇಬಾರದ ಕೆಲಸಗಳನ್ನು ಈ ಆಟದಿಂದ ಹೊರಗಿಡಿ

ಎಲ್ಲದಕ್ಕೂ ಮೂರು ಅಳತೆ ಇಲ್ಲ. ಬಿ.ಪಿ. ಮಾತ್ರೆಗೆ ಮೋಡದ ಅಳತೆ ಅಂತ ಅರ್ಧ ನುಂಗುವ ಹಾಗಿಲ್ಲ, ಅದನ್ನು ಬದಲಿಸುವುದು ಡಾಕ್ಟರು. ಬ್ಯಾಂಕಿನ ಕಂತು ಹಾಗೆಯೇ. ತೋಟದಲ್ಲಿ ಹೇಳುವುದಾದರೆ, ಫೆಬ್ರವರಿ ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕಿ ರೊಬಸ್ಟಾ ಹೂ ಬಿಡಿಸಿದ ಮೇಲೆ, ಆಕಾಶ ಮಳೆ ಕೊಡದಿದ್ದರೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ನೀರು, ಅಂದರೆ ಕಾಯಿ ಕಚ್ಚಲು ಎರಡನೇ ಸಲದ ನೀರು, ಕೊಡಲೇಬೇಕು. "ಈ ಸಲ ಸುಸ್ತು, ಮುಂದಿನ ತಿಂಗಳು ನೋಡೋಣ" ಎಂದರೆ ಕಾಯಿ ಕಚ್ಚುವುದಿಲ್ಲ, ವರ್ಷದ ಬೆಳೆ ಹೋಗುತ್ತದೆ.

ಇಂಥವು ಪ್ರತಿಯೊಬ್ಬರ ಬದುಕಿನಲ್ಲೂ ನಾಲ್ಕೈದು ಇರುತ್ತವೆ. ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಪಟ್ಟಿ ಹತ್ತು ದಾಟಿದರೆ ನೀವು ಎಲ್ಲವನ್ನೂ ಬ್ಯಾಕಿಂಗ್ ನೀರು ಅಂದುಕೊಂಡಿದ್ದೀರಿ ಅಂತ ಅರ್ಥ.

5. "ಹೀಗಾದರೆ ಹೀಗೆ" ಅಂತ ವಾಕ್ಯ ಮಾಡಿ

ಯಾವ ಅಳತೆ ಯಾವ ದಿನಕ್ಕೆ ಅನ್ನುವುದನ್ನು ಬೆಳಿಗ್ಗೆ ಎದ್ದ ಮನಸ್ಸಿಗೆ ಬಿಡಬೇಡಿ. ಆ ಮನಸ್ಸು ಯಾವಾಗಲೂ ಮೋಡವನ್ನೇ ಕಾಣುತ್ತದೆ. ಮೊದಲೇ ಬರೆದುಬಿಡಿ.

"ಆನೆ ಮೆಸೇಜ್ ಬಂದರೆ, ಜಗುಲಿಯಲ್ಲಿ ಐವತ್ತು ಸಲ."
"ಆರೂವರೆಗೆ ಜೋರು ಮಳೆ ಇದ್ದರೆ, ಸಂಜೆ ಐದಕ್ಕೆ ಗೇಟಿನ ತನಕ ಎಂಟು ಸಲ."
"ಮದುವೆಗೆ ಹೋಗುವುದಿದ್ದರೆ, ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿಯುವುದು."

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಈ ಬಗೆಯ ವಾಕ್ಯಗಳ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ 94 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. "ಮಾಡಬೇಕು" ಅಂತ ಬರೀ ಆಸೆ ಇಟ್ಟುಕೊಂಡವರಿಗಿಂತ, "ಇಂಥ ಹೊತ್ತು ಬಂದರೆ ಇಂಥದ್ದು ಮಾಡುತ್ತೇನೆ" ಅಂತ ಗೊತ್ತು ಮಾಡಿಕೊಂಡವರು ಗುರಿ ಮುಟ್ಟಿದ್ದು ಜಾಸ್ತಿ. ಆ ಹೊತ್ತು ಬಂದಾಗ ಹೊಸದಾಗಿ ಯೋಚಿಸಬೇಕಾಗಿಲ್ಲವಲ್ಲ, ಅದೇ ಗುಟ್ಟು.

ವಾಕ್ಯದ ಮೊದಲ ಅರ್ಧ ಕಣ್ಣಿಗೆ ಕಾಣುವಂಥದ್ದಾಗಿರಲಿ. "ಬೇಜಾರಾದರೆ" ಅಂತ ಬರೆಯಬೇಡಿ. ಬೇಜಾರು ಕೇಳಿದಾಗಲೆಲ್ಲ ಬರುತ್ತದೆ. "ರಾತ್ರಿ ಹನ್ನೊಂದು ದಾಟಿ ಮಲಗಿದ್ದರೆ" ಅಂತ ಬರೆದರೆ ಗಡಿಯಾರ ಸಾಕ್ಷಿ ಹೇಳುತ್ತದೆ. ಮೂರು ನಾಲ್ಕು ವಾಕ್ಯ ಸಾಕು.

6. ರಜೆಯನ್ನೂ ಲೆಕ್ಕದಲ್ಲಿ ಇಡಿ

ಕೊಡಗಿನಲ್ಲಿ ಶಿಸ್ತು ಅಂದರೆ ಮೊದಲು ನೆನಪಾಗುವುದು ಸೈನ್ಯ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ. ಊರಿಗೊಬ್ಬರಾದರೂ ರಿಟೈರ್ಡ್ ಸುಬೇದಾರರು ಸಿಗುತ್ತಾರೆ. ಆದರೆ ಸೈನ್ಯದಲ್ಲಿ ರಜೆ ಇಲ್ಲವೇ? ಇದೆ. ರಜೆಗೆ ಬರುವ ಹುಡುಗ ರಜೆ ಚೀಟಿ ಹಿಡಿದೇ ಬರುತ್ತಾನೆ, ವಾಪಸ್ಸು ಹಾಜರಾಗುವ ತಾರೀಖು ಅದರಲ್ಲೇ ಇರುತ್ತದೆ. ಅಮ್ಮ ಎಷ್ಟು ಅತ್ತರೂ ಆ ದಿನ ಟ್ರಂಕು ಹೊರಡುತ್ತದೆ. ನಮಗೆ ಬೇಕಾಗಿರುವುದೂ ಅಂಥ ರಜೆಯೇ.

ತಿಂಗಳಿಗೆ ನಾಲ್ಕು ರಜೆ ಅಂತ ಇಟ್ಟುಕೊಳ್ಳಿ, ನೌಕರರಿಗೆ ಸಿ.ಎಲ್. (ಸಾಂದರ್ಭಿಕ ರಜೆ) ಇದ್ದ ಹಾಗೆ. ಪುಸ್ತಕದಲ್ಲಿ ನಾಲ್ಕು ಚೌಕ ಬರೆದು, ಬಳಸಿದಾಗ ಒಂದನ್ನು ಹೊಡೆದು ಹಾಕಿ. ಪಕ್ಕದಲ್ಲಿ ಎರಡು ಮಾತು: ಯಾಕೆ, ಮತ್ತೆ ಯಾವತ್ತು ಹಾಜರು. ಉಳಿದ ರಜೆ ಮುಂದಿನ ತಿಂಗಳಿಗೆ ಹೋಗುವುದಿಲ್ಲ.

ಮರಿಸ್ಸಾ ಶರೀಫ್ ಮತ್ತು ಸುಝಾನ್ ಶೂ ಎಂಬ ಸಂಶೋಧಕರು 2017ರಲ್ಲಿ ಇಂಥದ್ದೇ ಒಂದನ್ನು ಪರೀಕ್ಷಿಸಿ ಪ್ರಕಟಿಸಿದರು. ವಾರದ ಏಳು ದಿನವೂ ಕೆಲಸ ಅಂತ ಕೆಲವರಿಗೆ, ಐದು ದಿನ ಸಾಕು ಅಂತ ಕೆಲವರಿಗೆ, ಏಳು ದಿನವೇ ಗುರಿ ಆದರೆ ತೀರಾ ಬೇಕಾದರೆ ಎರಡು ದಿನ ವಿನಾಯಿತಿ ಇದೆ ಅಂತ ಇನ್ನು ಕೆಲವರಿಗೆ. ಎರಡನೆಯದೂ ಮೂರನೆಯದೂ ಗಣಿತದಲ್ಲಿ ಒಂದೇ. ಆದರೂ ಹೆಚ್ಚು ಜನ ಗುರಿ ಮುಟ್ಟಿದ್ದು ಮೂರನೆಯ ಗುಂಪಿನಲ್ಲಿ. ವಿನಾಯಿತಿ ಕೈಯಲ್ಲಿದ್ದರೆ ಅದನ್ನು ಸುಮ್ನೆ ಖರ್ಚು ಮಾಡಲು ಮನಸ್ಸು ಬರುವುದಿಲ್ಲ, ಒಂದು ದಿನ ತಪ್ಪಿದರೂ ಗುರಿ ಇನ್ನೂ ಬದುಕಿರುತ್ತದೆ. ಡಬ್ಬಿಯಲ್ಲಿಟ್ಟ ಐನೂರರ ನೋಟಿನ ಹಾಗೆ.

ಹಬ್ಬಗಳಿಗೆ ಈ ನಾಲ್ಕರಲ್ಲಿ ಕೈ ಹಾಕಬೇಡಿ. ಅವು ಬೇರೆ. ಸೆಪ್ಟೆಂಬರ್ 3ರ ಕೈಲ್‌ಪೊದ್, ಪುತ್ತರಿಯ ರಾತ್ರಿ ಮೊದಲೇ ಗೊತ್ತಿರುವ ದಿನಗಳು. ಸಿಹಿ ಕಡಿಮೆ ಮಾಡುತ್ತಿರುವವರು ಆಗಸ್ಟ್ 3ರ ಕಕ್ಕಡ ಹದಿನೆಂಟಕ್ಕೆ (ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ) ಮದ್ದುಸೊಪ್ಪಿನ ಪಾಯಸ ತಿನ್ನುತ್ತೇನೆ ಅಂತ ಜುಲೈನಲ್ಲೇ ಬರೆದಿಡಲಿ. ವರ್ಷಕ್ಕೊಮ್ಮೆ ಸಿಗುವ ಆ ನೇರಳೆ ಬಣ್ಣದ ಪಾಯಸವನ್ನು ಬೇಡ ಅಂದು, ಮರುದಿನ ಬೇಕರಿಯಲ್ಲಿ ಎರಡು ಪಫ್ಸು ಒಂದು ಜಾಮೂನು ತಿಂದವರನ್ನು ನಾನು ಬಲ್ಲೆ. ಕನ್ನಡಿಯಲ್ಲಿ ದಿನಾ ಸಿಗುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಈ ಮಾತು ಅಲ್ಲ, ಅದು ಕೊನೆಯ ಪುಟದ ಪಟ್ಟಿಗೆ ಸೇರಿದ್ದು.

7. ತಪ್ಪಿದ ಮರುದಿನ ಏನು ಮಾಡಬೇಕು

ರಜೆಯೂ ಅಲ್ಲ, ಮಳೆಯ ಅಳತೆಯೂ ಇಲ್ಲ, ಸುಮ್ನೆ ತಪ್ಪಿತು. ಇದು ಆಗಿಯೇ ಆಗುತ್ತದೆ. ಶಿಸ್ತು ಮುರಿಯುವುದು ಸಾಮಾನ್ಯವಾಗಿ ಆ ದಿನ ಅಲ್ಲ, ಅದರ ಮರುದಿನ.

1975ರ ಒಂದು ಹಳೆಯ ಪ್ರಯೋಗ ಇದೆ. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಮಾಡಿದ್ದು. ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಿ ಹೇಳಿ, ಎಷ್ಟು ಬೇಕಾದರೂ ತಿನ್ನಿ ಅಂದರು. ಊಟದಲ್ಲಿ ಕಟ್ಟುನಿಟ್ಟಿಲ್ಲದವರು ಹೊಟ್ಟೆ ತುಂಬಿತ್ತು ಅಂತ ಕಡಿಮೆ ತಿಂದರು. ಪಥ್ಯ ಮಾಡುತ್ತಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಜಾಸ್ತಿ ತಿಂದರು! ನಿಯಮ ಹೇಗೂ ಮುರಿಯಿತಲ್ಲ, ಇನ್ನೇನು. ನನ್ನ 43ನೇ ದಿನ ಇದೇ. "ಹೇಗೂ ಹೋಯ್ತು" ಅನ್ನುವ ಆ ಎರಡು ಶಬ್ದಗಳಿಂದ ಆದ ನಷ್ಟ, ಆನೆಯಿಂದ ನನಗೆ ಆದ ನಷ್ಟಕ್ಕಿಂತ ಎಷ್ಟೋ ದೊಡ್ಡದು.

ಒಂದು ದಿನ ತಪ್ಪಿದರೆ ನಿಜಕ್ಕೂ ಎಷ್ಟು ಹಾಳಾಗುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದರು. ಒಂದು ಹೊಸ ಅಭ್ಯಾಸ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ. ಜನರಿಂದ ಜನರಿಗೆ ಅದು 18ರಿಂದ 254ರ ತನಕ ಅಂತ ಅವರ ಅಂದಾಜು. 21 ದಿನ ಮಾಡಿದರೆ ಸಾಕು ಅನ್ನುವ ಮಾತು ಸುಳ್ಳು ಅಂತ ಇದರಿಂದ ಗೊತ್ತಾಯಿತು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. 42ನೇ ದಿನ ಇದು ನನಗೆ ಯಾರಾದರೂ ಹೇಳಿದ್ದರೆ!

ಹಾಗಾಗಿ ಮರುದಿನ ಹೀಗೆ ಮಾಡಿ. ತಪ್ಪಿದ್ದನ್ನು ಸೇರಿಸಿ ಎರಡು ಪಟ್ಟು ಮಾಡಲು ಹೋಗಬೇಡಿ. ಹತ್ತು ಕಿಲೋಮೀಟರ್ ನಡೆದು ಕಾಲು ಊದಿಸಿಕೊಂಡರೆ ಮೂರನೇ ದಿನವೂ ಹೋಯಿತು. ಸಾಲ ಮನ್ನಾ ಅಂದುಕೊಳ್ಳಿ. ಬಿಸಿಲಿನ ಅಳತೆಗೂ ಹಾರಬೇಡಿ. ಮಳೆಯ ಅಳತೆ ಮಾಡಿ, ಆದರೆ ಮಾಡಿಯೇ ಮಾಡಿ. ಎರಡು ದಿನ ಸಾಲಾಗಿ ತಪ್ಪಬಾರದು ಅನ್ನುವುದೊಂದೇ ಇಲ್ಲಿ ಬಿಗಿ. ಎರಡನೇ ದಿನ ಊರು ಮುಳುಗಿದರೂ ಜಗುಲಿಯಲ್ಲಿ ಐವತ್ತು ಸಲ ಉಂಟು. ಊರು ನಿಜವಾಗಿ ಮುಳುಗಿದ್ದರೆ, 2018ರ ಆಗಸ್ಟಿನಂಥ ದಿನಗಳಾದರೆ, ಈ ಪುಸ್ತಕವನ್ನೇ ಬದಿಗಿಡಿ. ಗುಡ್ಡ ಕುಸಿದ ವಾರದಲ್ಲಿ ಯಾರೂ ನಡಿಗೆಯ ಲೆಕ್ಕ ಕೇಳುವುದಿಲ್ಲ.

ನಿಮ್ಮನ್ನು ನೀವು ಬೈದುಕೊಳ್ಳುವುದೂ ಬೇಡ. ಬೈದರೆ ಬುದ್ಧಿ ಬರುತ್ತದೆ ಅಂತ ನಾವು ನಂಬಿದ್ದೇವೆ, ನಮ್ಮ ಕಾಲದ ಮೇಷ್ಟ್ರುಗಳಿಂದ ಬಂದ ನಂಬಿಕೆ ಇರಬೇಕು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ 119 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಬಂತು. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದವರಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ಬೈದುಕೊಳ್ಳುವವರಿಗೆ ಪುಸ್ತಕ ಕಂಡರೇ ಸಂಕಟ, ಹಾಗಾಗಿ ಪುಸ್ತಕದಿಂದಲೇ ದೂರ ಇರುತ್ತಾರೆ ಅಂತ ನನ್ನ ಊಹೆ. ನಾನು ಆ ವರ್ಷ ಕ್ಯಾಲೆಂಡರನ್ನೇ ಗೋಡೆಗೆ ತಿರುಗಿಸಿ ಹಾಕಿದ್ದೆ.

8. ಕಾರಣವೋ ನೆಪವೋ?

ಇದು ಬಂದೇ ಬರುವ ಪ್ರಶ್ನೆ. ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಅತ್ತೆಯಿಂದ. ಒಂದು ಬೆಳಿಗ್ಗೆ ಏಳು ಗಂಟೆಗೆ ಅಡುಗೆ ಮನೆಯ ಒಲೆಯ ಹತ್ತಿರ ಕೂತಿದ್ದೆ.

"ಎಂತ, ಇವತ್ತು ಹೋಗ್ಲಿಲ್ವಾ?"

"ತಲೆನೋವು ಅತ್ತೆ."

"ಲೈನ್‌ಮನೆಯ ಕೆಲಸದವರು ಯಾರಾದ್ರೂ ಬಂದು ತಲೆನೋವು ಅಂದ್ರೆ ನೀನು ಏನು ಹೇಳ್ತಿ?"

"ಹೋಗಿ ಮಲಕ್ಕೊಳ್ಳಿ ಅಂತೀನಿ."

"ಮತ್ತೆ ನೀನು ಮೊಬೈಲ್ ಹಿಡ್ಕೊಂಡು ಯಾಕೆ ಕೂತಿದ್ದಿ? ತಲೆನೋವಾದ್ರೆ ಹೋಗಿ ಮಲಕ್ಕೊ. ಇಲ್ಲಾಂದ್ರೆ ಎದ್ದು ನಡಿ."

ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಎಲ್ಲೂ ಓದಿಲ್ಲ. ಕಾರಣ ನಿಜವಾದರೆ ಅದಕ್ಕೆ ತಕ್ಕ ಕೆಲಸ ಮಾಡುತ್ತೀರಿ. ಸುಸ್ತು ಅಂತ ಬಿಟ್ಟ ಹೊತ್ತಿನಲ್ಲಿ ನಿದ್ದೆ ಮಾಡಿದಿರಾ? ಮಗುವಿಗಾಗಿ ಬಿಟ್ಟ ಹೊತ್ತಿನಲ್ಲಿ ಮಗುವಿನ ಜೊತೆ ಇದ್ದಿರಾ? ಇದ್ದರೆ ಅದು ಕಾರಣ. ರೀಲ್ಸ್ ನೋಡಿದ್ದರೆ ಅದು ನೆಪ. ನೆಪ ಅಂತ ಗೊತ್ತಾದರೆ ದೊಡ್ಡ ಗಲಾಟೆ ಬೇಡ, ಎದ್ದು ಮೋಡದ ಅಳತೆ ಮಾಡಿದರಾಯಿತು. (ಅವತ್ತು ನಾನು ಎದ್ದು ನಡೆದೆ. ತಲೆನೋವು ಇತ್ತು, ಸುಳ್ಳಲ್ಲ. ಸ್ವಲ್ಪ ಇತ್ತು.)

9. ವಾರಕ್ಕೊಮ್ಮೆ ಹತ್ತು ನಿಮಿಷ

ಭಾನುವಾರ ಪುಸ್ತಕ ತೆರೆದು ನೋಡಿ. ವಾರದಲ್ಲಿ ಐದು ದಿನ ಮಳೆಯ ಅಳತೆಯೇ ಇದ್ದರೆ, ಒಂದೋ ಬಿಸಿಲಿನ ಅಳತೆ ತೀರಾ ದೊಡ್ಡದು, ಇಲ್ಲವೇ ನೀವು ಜಾರುತ್ತಿದ್ದೀರಿ. ಮುಂದಿನ ವಾರ ಬಿಸಿಲಿನ ಅಳತೆಯನ್ನು ಕಾಲುಭಾಗ ಇಳಿಸಿ ನೋಡಿ. ಆಗ ಸರಿಹೋದರೆ ಮೊದಲನೆಯದು, ಆಗದಿದ್ದರೆ ಎರಡನೆಯದು. ಎರಡು ತಿಂಗಳಿಂದ ಒಂದು ರಜೆಯನ್ನೂ ಮುಟ್ಟಿಲ್ಲ ಎಂದಾದರೂ ಸ್ವಲ್ಪ ಅನುಮಾನ ಪಡಿ. ಮನೆಯವರನ್ನು ಕೇಳಿ, ನಾನು ಈಚೆಗೆ ಸಿಡುಕುತ್ತೇನಾ ಅಂತ. ಅವರು ಉತ್ತರ ಹೇಳುವ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಉತ್ತರ ಸಿಕ್ಕಿತು.

10. ಋತು ಬದಲಾದಾಗ ಇಡೀ ಪುಟ ಹೊಸದಾಗಿ ಬರೆಯಿರಿ

ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ. ಒಂದೇ ಜಿಲ್ಲೆಯಲ್ಲೇ ಹೀಗಿರುವಾಗ ಬೆಂಗಳೂರಿನ ಯಾರೋ ಯೂಟ್ಯೂಬಿನಲ್ಲಿ ಹೇಳಿದ ಬೆಳಿಗ್ಗೆ ಐದರ ದಿನಚರಿ ನಾಪೋಕ್ಲುವಿನ ಜುಲೈಗೆ ಹೇಗೆ ಹೊಂದಬೇಕು? ಅಷ್ಟೇ ಅಲ್ಲ, ನಿಮ್ಮದೇ ಫೆಬ್ರವರಿಯ ದಿನಚರಿ ನಿಮ್ಮದೇ ಜುಲೈಗೆ ಹೊಂದುವುದಿಲ್ಲ.

ನಾನು ವರ್ಷಕ್ಕೆ ಮೂರು ಸಲ ಪುಟ ತಿರುಗಿಸುತ್ತೇನೆ. ಮೇ ಕೊನೆಗೆ, ಮನೆಗೆ ಒಣ ಸೌದೆ ಸೇರಿಸುವ ಹೊತ್ತಿನಲ್ಲಿ, ಮಳೆಗಾಲದ ಪುಟ. ಅದರಲ್ಲಿ ಜಗುಲಿಯ ನಡಿಗೆಯೇ ಬಿಸಿಲಿನ ಅಳತೆ, ಯಾಕೆಂದರೆ ಬಿಸಿಲೇ ಇರುವುದಿಲ್ಲ. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ ಕಳೆದು ತಲಕಾವೇರಿಗೆ ಹೋದವರೆಲ್ಲ ತೀರ್ಥ ತಂದು ಮುಗಿದ ಮೇಲೆ ಎರಡನೇ ಪುಟ. ಆಗ ದಾರಿ ಒಣಗಿರುತ್ತದೆ, ಐದು ಕಿಲೋಮೀಟರ್ ಮತ್ತೆ ಬರುತ್ತದೆ. ಡಿಸೆಂಬರ್ ಕೊನೆಗೆ ಕೊಯ್ಲಿನ ಪುಟ. ದಿನಾ ಎಂಟು ಗಂಟೆ ತೋಟ ಸುತ್ತುವವಳಿಗೆ ಬೇರೆ ನಡಿಗೆ ಯಾಕೆ? ಆ ಮೂರು ತಿಂಗಳು ನಡಿಗೆಯ ಜಾಗದಲ್ಲಿ ಸೊಂಟಕ್ಕೆ ಹತ್ತು ನಿಮಿಷದ ವ್ಯಾಯಾಮ ಮಾತ್ರ.

ಪುಟ ಬದಲಿಸುವ ದಿನ ಬಿಟ್ಟು ನಡುವೆ ನಿಯಮ ಬದಲಿಸುವ ಹಾಗಿಲ್ಲ. ಏನಾದರೂ ಬದಲಿಸಬೇಕು ಅನ್ನಿಸಿದರೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟು ಆ ದಿನಕ್ಕೆ ಕಾಯುತ್ತೇನೆ. ಹಳೆಯ ಪುಟ ಹರಿಯುವುದಿಲ್ಲ, ಮುಂದಿನ ವರ್ಷ ಅದೇ ಋತುವಿಗೆ ಅದನ್ನೇ ನೋಡಿ ತಿದ್ದುತ್ತೇನೆ. ಹೋದ ವರ್ಷದ ಮಳೆಗಾಲದ ಪುಟದ ಅಂಚಿನಲ್ಲಿ ಹೀಗೆ ಬರೆದಿದೆ: "ಜಗುಲಿ ಜಾರುತ್ತದೆ, ಗೋಣಿಚೀಲ ಹಾಸಬೇಕು. ಐವತ್ತು ಎಣಿಸುವಾಗ ತಪ್ಪುತ್ತದೆ, ಡಬ್ಬಿಯಲ್ಲಿ ಹತ್ತು ಕಾಫಿ ಬೀಜ ಇಟ್ಟುಕೊಂಡು ಐದು ಸಲಕ್ಕೆ ಒಂದರಂತೆ ತೆಗೆಯುವುದು."